ಬಸ್ಸಿಳಿದರೆ ಕಾಡು: ಓದುಗರ ಪ್ರಶ್ನೆಗೆ ಕಂಡಕ್ಟರಮ್ಮನ ಉತ್ತರ

ಟಿಕೆಟ್ ಕೊಡುವ ಕೆಲಸದಿಂದ ನಿವೃತ್ತಿ ಆದಮೇಲೆ ನಾನು ಬಸ್ ಹತ್ತುವುದು ಜಾಸ್ತಿ ಆಯಿತೇ ಹೊರತು ಕಡಿಮೆ ಆಗಲಿಲ್ಲ. ಬೆಳಿಗ್ಗೆ ಬಸ್ಸಿಗೆ ಹೋಗಿ, ಕಾಡಿನಲ್ಲಿ ನಡೆದು, ಸಂಜೆ ಬಸ್ಸಿಗೆ ವಾಪಸ್ ಬರುವ ಬಗ್ಗೆ ನೀವು ಕಳಿಸಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ಬೆಂಗಳೂರಲ್ಲಿ ಪಿ.ಜಿ.ಯಲ್ಲಿದ್ದೇನೆ. ಬೈಕ್ ಇಲ್ಲ, ಕಾರಂತೂ ಇಲ್ಲವೇ ಇಲ್ಲ. ಭಾನುವಾರ ಕಾಡಿನಲ್ಲಿ ನಡೆದು ರಾತ್ರಿ ಊಟಕ್ಕೆ ರೂಮು ಸೇರಬೇಕು. ಬಂಡೆ ಹತ್ತುವ ಆಸೆಯಿಲ್ಲ. ಮರಗಳ ಮಧ್ಯೆ ನಡೆಯಬೇಕು, ಅಷ್ಟೇ. ಎಲ್ಲಿಗೆ ಹೋಗಲಿ?
— ಯಲಹಂಕದ ಓದುಗ

ಉತ್ತರ: ದೇವರಾಯನದುರ್ಗಕ್ಕೆ ಹೋಗಿ. ನಾನು ತುಮಕೂರಿನವಳು, ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದೇ ಇದೆ. ಬೆಂಗಳೂರಿನ ಸುತ್ತಮುತ್ತ ಹತ್ತುವುದಕ್ಕೆ ಬೆಟ್ಟ ಬೇಕಾದಷ್ಟಿವೆ. ಸಾವನದುರ್ಗ, ಮಾಕಳಿದುರ್ಗ, ಸ್ಕಂದಗಿರಿ ಎಲ್ಲ ಚೆನ್ನಾಗಿವೆ. ಆದರೆ ಅಲ್ಲೆಲ್ಲ ಕಲ್ಲಿನದೇ ದರ್ಬಾರು. ನೀವು ಕೇಳಿದ್ದು ಮರ, ಅಲ್ವಾ?

ಮೆಜೆಸ್ಟಿಕ್‌ನಿಂದ ತುಮಕೂರಿಗೆ ಸುಮಾರು 70 ಕಿ.ಮೀ. ಬಸ್ಸಿಗೆ ಕಾಯುವ ಪ್ರಶ್ನೆಯೇ ಇಲ್ಲ, ಒಂದು ಹೋದರೆ ಇನ್ನೊಂದು ನಿಂತಿರುತ್ತದೆ. ರೈಲೂ ಇದೆ. ತುಮಕೂರಿನಿಂದ ದುರ್ಗ ಸುಮಾರು 15 ಕಿ.ಮೀ. ಆ ಬಸ್ಸು ಮಾತ್ರ ಕಡಿಮೆ. ಸ್ಟ್ಯಾಂಡಿನಲ್ಲಿ ಇಳಿದ ತಕ್ಷಣ ತಿಂಡಿಗೆ ಓಡಬೇಡಿ. ಮೊದಲು ಕಂಟ್ರೋಲರ್ ಕೂತಿರುವ ಕಿಟಕಿಗೆ ಹೋಗಿ ದುರ್ಗದ ಬಸ್ ಎಷ್ಟೊತ್ತಿಗೆ ಅಂತ ಕೇಳಿ. ತಟ್ಟೆ ಇಡ್ಲಿ ಎಲ್ಲಿಗೂ ಹೋಗಲ್ಲ.

ಇನ್ನೊಂದು ಮಾತು. ಟಿಕೆಟ್ಟನ್ನು ಬೆಟ್ಟದವರೆಗೆ ತಗೊಳ್ಳಬೇಡಿ. ‘ನಾಮದ ಚಿಲುಮೆ’ ಅನ್ನಿ. ಅದು ದಾರಿಯಲ್ಲೇ ಸಿಗುತ್ತದೆ. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಂಡೆಗೆ ಬಾಣ ಬಿಟ್ಟ, ನೀರು ಚಿಮ್ಮಿತು ಅಂತ ಕಥೆ. ಈಗಲೂ ಕಲ್ಲಿನ ಸಣ್ಣ ತೂತಿನಲ್ಲಿ ನೀರು ಬರುತ್ತಲೇ ಇರುತ್ತದೆ. ಎದುರಿಗೆ ಜಿಂಕೆಗಳನ್ನು ಸಾಕಿದ್ದಾರೆ. ಅಲ್ಲಿನ ಕೋತಿಗಳ ಬಗ್ಗೆ ಮಾತ್ರ ಹುಷಾರು. ಅವಕ್ಕೆ ಬಾಳೆಹಣ್ಣು ಬೇಡ, ಚೀಲ ಬೇಕು. ಚೀಲದ ಜಿಪ್ ತೆಗೆಯುವುದು ನಮಗಿಂತ ಅವಕ್ಕೆ ಚೆನ್ನಾಗಿ ಗೊತ್ತು.

ಅಲ್ಲಿಂದ ದುರ್ಗದವರೆಗೆ ರಸ್ತೆಯಲ್ಲೇ ನಡೆಯಿರಿ. ಸುಮಾರು ಐದಾರು ಕಿಲೋಮೀಟರ್. ‘ಏನು, ಟಾರು ರಸ್ತೆಯಾ?’ ಅಂತ ಮೂಗು ಮುರಿಯಬೇಡಿ. ಎರಡೂ ಕಡೆ ಕಾಡೇ ಕಾಡು. ಮೀಸಲು ಅರಣ್ಯದ ಒಳಗೆ ಅನುಮತಿಯಿಲ್ಲದೆ ಕಾಲಿಡುವುದು ಅಪರಾಧ. ರಸ್ತೆಯಲ್ಲಿ ನಡೆದರೆ ಯಾರ ತಕರಾರೂ ಇಲ್ಲ. ಬೆಳಿಗ್ಗೆ ಬೇಗ ಹೋದರೆ ವಾಹನವೂ ಕಡಿಮೆ. ನುಣ್ಣನೆ ಬಿಳಿಚು ತೊಗಟೆಯ ಎತ್ತರದ ಮರ ಕಂಡರೆ ಅದು ದಿಂಡಿಗ. ಫೆಬ್ರವರಿ–ಮಾರ್ಚ್‌ನಲ್ಲಿ ಎಲೆಯೇ ಇಲ್ಲದೆ ಬರೀ ಕೆಂಡದ ಬಣ್ಣದ ಹೂ ಹೊತ್ತು ನಿಂತಿದ್ದರೆ ಮುತ್ತುಗ. ರಸ್ತೆ ಬದಿಯ ಹುತ್ತಗಳನ್ನು ಹತ್ತಿರದಿಂದ ನೋಡಿ. ಹುತ್ತದ ಪಕ್ಕದಲ್ಲಿ ಮೊಣಕೈವರೆಗೆ ತೂರುವಷ್ಟು ತೂತು ಇದ್ದು, ಬುಡದಲ್ಲಿ ಮಣ್ಣು ಹೊಸದಾಗಿ ಉದುರಿದ್ದರೆ, ರಾತ್ರಿ ಕರಡಿ ಬಂದು ಅಗೆದು ಗೆದ್ದಲು ಹೀರಿಕೊಂಡು ಹೋಗಿದೆ ಅಂತ ಲೆಕ್ಕ. ಕೈ ಹಾಕಿ ನೋಡುವ ಸಾಹಸ ಬೇಡ. ಕರಡಿ ಬಿಟ್ಟುಹೋದ ಹುತ್ತಕ್ಕೆ ಬೇರೆ ಬಾಡಿಗೆದಾರರು ಬಂದಿರುತ್ತಾರೆ.

ದುರ್ಗದಲ್ಲಿ ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಮೇಲಕ್ಕೆ ಮೆಟ್ಟಿಲಿದೆ. ತುದಿ ಸುಮಾರು 1200 ಮೀಟರ್ ಎತ್ತರ. ಇದೇ ಬೆಟ್ಟಸಾಲಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಪಿನಾಕಿನಿ ಸೇರುತ್ತದೆ. ಶಿಂಷಾ ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತದೆ. ಮೇಲೆ ನಿಂತಾಗ ಇದು ನೆನಪಿರಲಿ, ಸುಮ್ನೆ ಸೆಲ್ಫಿ ತೆಗೆದು ಇಳಿಯಬೇಡಿ.

ವಾಪಸ್ ಬಸ್ ಕೆಳಗಿನ ದೇವಸ್ಥಾನದ ಹತ್ತಿರ. ಊಟ, ನೀರು ಜೊತೆಗಿರಲಿ. ಮಳೆ ನಿಂತ ಮೇಲಿನ ತಿಂಗಳುಗಳು ಒಳ್ಳೆಯವು. ಮಾರ್ಚ್ ನಂತರ ಎಲೆಯೆಲ್ಲ ಉದುರಿ ಕಾಡಿಗೆ ಬೆಂಕಿಯ ಭಯ. ಆಗ ಬೀಡಿ, ಸಿಗರೇಟು ಸೇದುವವರ ಜೊತೆ ಹೋಗಲೇಬೇಡಿ.

ಅರ್ಧ ದಿನ ಮಾತ್ರ ಸಿಕ್ಕರೆ ಹಸಿರು ಮಾರ್ಗದ ಮೆಟ್ರೊ ಹಿಡಿದು ಕನಕಪುರ ರಸ್ತೆಯಲ್ಲಿ ಇಳಿಯಿರಿ, ತುರಹಳ್ಳಿ ಕಾಡು ಹತ್ತಿರ. ಅದು ನಗರದ ಹೊಟ್ಟೆಯೊಳಗೆ ಸಿಕ್ಕಿಕೊಂಡಿರುವ ಕಾಡು. ಇಷ್ಟಾದರೂ ಉಳಿದಿದೆಯಲ್ಲ ಅನ್ನಿಸುತ್ತದೆ.

ಪ್ರಶ್ನೆ: ಸ್ನೇಹಿತರೆಲ್ಲ ಸೇರಿ ಮಲೆನಾಡಿನ ಒಂದು ಹಳ್ಳಿಗೆ ಹೋಗಿದ್ದೆವು. ಸಂಜೆ ಏಳಕ್ಕೆ ಬಸ್ ಇದೆ ಅಂತ ಊರಿನವರೇ ಹೇಳಿದರು. ಬಸ್ಸು ಸರಿಯಾಗಿ ಏಳಕ್ಕೆ ಬಂತು. ಹತ್ತಲು ಹೋದರೆ ಡ್ರೈವರ್ ಇಂಜಿನ್ ಆಫ್ ಮಾಡಿ ಚಾಪೆ ತೆಗೆದರು! ನಾಳೆ ಬೆಳಿಗ್ಗೆಯೇ ಹೊರಡುವುದಂತೆ. ಪೇಟೆಗೆ ಜೀಪಿಗೆ ಕೊಟ್ಟ ದುಡ್ಡಿನಲ್ಲಿ ಇನ್ನೊಂದು ಪ್ರವಾಸ ಮಾಡಬಹುದಿತ್ತು. ಊರಿನವರು ಯಾಕೆ ಸುಳ್ಳು ಹೇಳಿದರು?
— ದಾವಣಗೆರೆಯ ಓದುಗರು

ಉತ್ತರ: ಅವರು ಸುಳ್ಳು ಹೇಳಿಲ್ಲ. ‘ಏಳಕ್ಕೆ ಬಸ್ ಇದೆಯಾ’ ಅಂದಿರಿ, ಇದೆ ಅಂದರು. ಬಸ್ಸು ಬಂತು ಕೂಡ. ಅದು ಹಾಲ್ಟಿಂಗ್ ಬಸ್ಸು. ನಿಮ್ಮ ಕಡೆ ವಸ್ತಿ ಬಸ್ ಅಂತಾರೆ. ಸಂಜೆ ಪೇಟೆ ಬಿಟ್ಟು, ಕತ್ತಲಾಗುವಾಗ ಹಳ್ಳಿ ಸೇರಿ, ರಾತ್ರಿ ಅಲ್ಲೇ ನಿಂತು, ಮಾರನೆ ದಿನ ನಸುಕಿನಲ್ಲಿ ಹಾಲಿನ ಕ್ಯಾನು, ಕಾಲೇಜು ಮಕ್ಕಳು, ಆಸ್ಪತ್ರೆಗೆ ಹೋಗುವವರನ್ನು ತುಂಬಿಕೊಂಡು ಪೇಟೆಗೆ ವಾಪಸ್. ಹಳ್ಳಿಯವರಿಗೆ ಅದು ದೇವರು. ನಿಮಗೆ ಮಾತ್ರ ಉಪಯೋಗವಿಲ್ಲ.

ನನ್ನ ಸರ್ವಿಸಿನಲ್ಲಿ ಹಾಲ್ಟಿಂಗ್ ಬಸ್ಸಿಗೆ ಕೈ ಅಡ್ಡ ಹಾಕಿ ನಿಂತ ಚಾರಣದ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ. ಮೈಯೆಲ್ಲ ಕೆಸರು, ಮುಖದಲ್ಲಿ ಸಂತೋಷ. ‘ಇದು ಹೋಗಲ್ಲಪ್ಪ, ಇಲ್ಲೇ ಮಲಗುತ್ತೆ’ ಅಂದ ಕೂಡಲೇ ಆ ಮುಖ ಬಾಡುವುದನ್ನು ನೋಡುವುದೇ ಕಷ್ಟ.

ಆದ್ದರಿಂದ ಪ್ರಶ್ನೆ ಬದಲಾಯಿಸಿ. ‘ಕೊನೆ ಬಸ್ ಎಷ್ಟೊತ್ತಿಗೆ’ ಅಂದರೆ ಸಾಲದು. ‘ಇಲ್ಲಿಂದ ಪೇಟೆಗೆ ವಾಪಸ್ ಹೋಗುವ ಕೊನೆ ಬಸ್ ಯಾವುದು’ ಅಂತ ಬಿಡಿಸಿ ಕೇಳಿ. ಬೆಳಿಗ್ಗೆ ನಿಮ್ಮನ್ನು ಇಳಿಸುವ ಕಂಡಕ್ಟರ್‌ಗೇ ಕೇಳಿ: ‘ಸಂಜೆ ನೀವೇ ಬರ್ತೀರಾ, ಎಷ್ಟೊತ್ತಿಗೆ ಇಲ್ಲಿಂದ ಬಿಡ್ತೀರಾ?’ ಅವರೇ ಬರುವುದಾದರೆ ನಿಮ್ಮ ಮುಖ ನೆನಪಿಟ್ಟುಕೊಳ್ಳುತ್ತಾರೆ. ನಾಲ್ಕು ಹೆಜ್ಜೆ ತಡವಾದರೆ ಒಂದು ಹಾರ್ನ್ ಜಾಸ್ತಿ ಹೊಡೆಯುತ್ತಾರೆ. ಆಮೇಲೆ ಸ್ಟಾಪಿನ ಎದುರಿನ ಟೀ ಅಂಗಡಿಯಲ್ಲಿ ಇನ್ನೊಮ್ಮೆ ಕೇಳಿ. ಇಬ್ಬರ ಉತ್ತರ ಬೇರೆ ಬೇರೆ ಆದರೆ ಟೀ ಅಂಗಡಿಯವರನ್ನು ನಂಬಿ. ಟೈಮ್ ಟೇಬಲ್ಲಿನಲ್ಲಿ ಇರುವ ಬಸ್ಸು ಕಂಡಕ್ಟರ್‌ಗೆ ಗೊತ್ತು, ನಿಜವಾಗಿ ಬರುವ ಬಸ್ಸು ಟೀ ಅಂಗಡಿಯವರಿಗೆ ಗೊತ್ತು.

ಹಳ್ಳಿ ಬಸ್ಸುಗಳ ಹೊತ್ತು ಶಾಲೆಯ ಗಂಟೆಗೆ ಕಟ್ಟಿದ್ದು. ಭಾನುವಾರ, ಬೇಸಿಗೆ ರಜೆಯಲ್ಲಿ ಟ್ರಿಪ್ ಕಮ್ಮಿ. ದೊಡ್ಡ ಜಾತ್ರೆ, ಚುನಾವಣೆ ಇದ್ದರೆ ಬಸ್ಸುಗಳು ಆ ಕಡೆ ಹೋಗಿರುತ್ತವೆ. ಕೊನೆಯ ಬಸ್ಸಿನ ಮೇಲೆ ಯಾವತ್ತೂ ಭಾರ ಹಾಕಬೇಡಿ. ಅದರ ಹಿಂದಿನ ಬಸ್ಸನ್ನೇ ನಿಮ್ಮ ಬಸ್ಸು ಅಂತ ಇಟ್ಟುಕೊಂಡು, ಎಲ್ಲಿವರೆಗೆ ನಡೆದರೆ ಅದಕ್ಕೆ ಸರಿಯಾಗಿ ವಾಪಸ್ ಬರಬಹುದು ಅಂತ ಹಿಂದಿನಿಂದ ಲೆಕ್ಕ ಹಾಕಿ. ಶಿಖರ ಸಿಕ್ಕಿದರೆ ಸರಿ, ಸಿಗದಿದ್ದರೆ ಅಲ್ಲೇ ತಿರುಗಿ.

ಪ್ರಶ್ನೆ: ನನಗೆ 46 ವರ್ಷ. ಒಬ್ಬಳೇ ಕಾಡಿನ ಕಡೆ ಹೋಗಿ ನಡೆಯುವ ಆಸೆ. ಮನೆಯಲ್ಲಿ ಬೇಡ ಅಂತಾರೆ. ಉಚಿತ ಟಿಕೆಟ್ ಇಂಥ ಊರುಗಳಿಗೂ ನಡೆಯುತ್ತಾ?
— ಹಾಸನದ ಓದುಗಿ

ಉತ್ತರ: ನಡೆಯುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ರಾಜ್ಯದೊಳಗೆ ಸರ್ಕಾರಿ ಸಂಸ್ಥೆಗಳ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ದುಡ್ಡಿಲ್ಲ. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಖಾಸಗಿ ಬಸ್ಸಿಗಂತೂ ಇಲ್ಲ. ಕರಾವಳಿ, ಶಿವಮೊಗ್ಗ, ಚಿಕ್ಕಮಗಳೂರು ಕಡೆ ಎಷ್ಟೋ ದಾರಿಗಳಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ, ಆದ್ದರಿಂದ ಕೈಯಲ್ಲಿ ದುಡ್ಡಿರಲಿ. ಚಿಲ್ಲರೆ ಇರಲಿ ಅಂತ ಬೇರೆ ಹೇಳಬೇಕಾ? ಇಲ್ಲಿನ ವಿಳಾಸ ಇರುವ ಗುರುತಿನ ಚೀಟಿ ತೋರಿಸಿ, ಶೂನ್ಯ ದರದ ಟಿಕೆಟ್ಟನ್ನು ಕೇಳಿ ತಗೊಳ್ಳಿ, ಇಳಿಯುವವರೆಗೂ ಇಟ್ಟುಕೊಳ್ಳಿ. ‘ಫ್ರೀ ತಾನೆ, ಯಾಕೆ ಟಿಕೆಟ್’ ಅಂತ ಬಿಸಾಕಿದರೆ ತಪಾಸಣೆ ಬಂದಾಗ ಕಂಡಕ್ಟರ್‌ಗೆ ತಲೆನೋವು.

ಈ ಯೋಜನೆ ಬಂದಮೇಲೆ ಬಸ್ಸಿನಲ್ಲಿ ಒಂದು ಬದಲಾವಣೆ ನೋಡಿದ್ದೇನೆ. ಮೊದಲು ಹೆಂಗಸರು ಮದುವೆ, ಸಾವು, ಆಸ್ಪತ್ರೆ ಅಂತ ಹತ್ತುತ್ತಿದ್ದರು. ಈಗ ‘ಎಲ್ಲಿಗಮ್ಮ?’ ಅಂದರೆ ‘ಸುಮ್ನೆ, ನೋಡ್ಕೊಂಡು ಬರೋಣ ಅಂತ’ ಅನ್ನುವವರು ಸಿಗುತ್ತಾರೆ. ಇದನ್ನು ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳಲಿ ಬಿಡಿ. ಗಂಡಸರು ಸುಮ್ಮಸುಮ್ಮನೆ ಬಸ್ ಹತ್ತಿದಾಗ ಯಾರೂ ಲೆಕ್ಕ ಕೇಳಿರಲಿಲ್ಲ.

ಒಬ್ಬರೇ ಹೋಗುವುದಾದರೆ ಮೊದಮೊದಲು ದೇವಸ್ಥಾನ ಇರುವ ಕಾಡು ಆರಿಸಿ. ಭಕ್ತಿಯ ಮಾತಲ್ಲ ಇದು. ದೇವಸ್ಥಾನ ಇದ್ದಲ್ಲಿ ಬಸ್ ಇರುತ್ತದೆ, ಜನ ಓಡಾಡುತ್ತಾರೆ, ಹೂವಿನ ಅಂಗಡಿ ಇರುತ್ತದೆ, ಶೌಚಾಲಯ ಇರುತ್ತದೆ. ಈ ಕೊನೆಯದರ ಬಗ್ಗೆ ಚಾರಣದ ಲೇಖನ ಬರೆಯುವ ಗಂಡಸರು ಒಂದು ಸಾಲೂ ಬರೆಯಲ್ಲ. ಪೇಟೆಯ ಬಸ್ ಸ್ಟ್ಯಾಂಡಿನಲ್ಲೇ ಮುಗಿಸಿಕೊಂಡು ಹೊರಡಿ. ಶೌಚಾಲಯಕ್ಕೆ ಹೆದರಿ ನೀರು ಕುಡಿಯುವುದನ್ನು ಮಾತ್ರ ಕಡಿಮೆ ಮಾಡಬೇಡಿ.

ಹೂವಿನ ಅಂಗಡಿಯವರ ಹತ್ತಿರ ನಾಲ್ಕು ಮಾತಾಡಿ, ಒಂದು ಮೊಳ ಹೂ ತಗೊಂಡು, ‘ಮೇಲೆ ಹೋಗಿ ಮೂರಕ್ಕೆ ಇಳಿದು ಬರ್ತೀನಿ’ ಅಂತ ಹೇಳಿ ಹೋಗಿ. ನಾಲ್ಕಾದರೂ ಬರದಿದ್ದರೆ ಆಯಮ್ಮ ವಿಚಾರಿಸಿಯೇ ವಿಚಾರಿಸುತ್ತಾರೆ. ಮೊಬೈಲಿಗೆ ಸಿಗ್ನಲ್ ಸಿಗದ ಕಡೆ ಇದೇ ಕೆಲಸಕ್ಕೆ ಬರುವುದು.

ಪ್ರಶ್ನೆ: ಬಸ್ಸಿನಲ್ಲಿ ಹೋದರೆ ಕಾರಿನಷ್ಟು ಸ್ವಾತಂತ್ರ್ಯ ಇರಲ್ಲ, ಒಪ್ತೀರಾ?
— ಮೈಸೂರಿನ ಓದುಗ

ಉತ್ತರ: ಒಪ್ಪಲ್ಲ. ಕಾರು ಎಲ್ಲಿ ನಿಲ್ಲಿಸಿದ್ದೀರೋ ಅಲ್ಲಿಗೇ ವಾಪಸ್ ಬರಬೇಕು. ಗೂಟಕ್ಕೆ ಕಟ್ಟಿದ ಹಸುವಿನ ಹಾಗೆ. ಬಸ್ಸಿನವರು ಒಂದು ಕಡೆ ಇಳಿದು ಇನ್ನೊಂದು ಕಡೆ ಹತ್ತಬಹುದು.

ನಿಮ್ಮೂರಿನಲ್ಲೇ ನೋಡಿ. ಸಿಟಿ ಬಸ್ ಸ್ಟ್ಯಾಂಡಿನಿಂದ 201 ಹಿಡಿದು ಚಾಮುಂಡಿ ಬೆಟ್ಟದ ತುದಿಗೆ ಹೋಗಿ. ದರ್ಶನ ಮುಗಿಸಿ ಮೆಟ್ಟಿಲಲ್ಲಿ ಇಳಿಯಿರಿ. ಸಾವಿರಕ್ಕೂ ಹೆಚ್ಚು ಮೆಟ್ಟಿಲು. ದಾರಿಯಲ್ಲಿ ದೊಡ್ಡದೇವರಾಜ ಒಡೆಯರ ಕಾಲದ ನಂದಿ. ಎರಡೂ ಕಡೆ ಕುರುಚಲು ಕಾಡು, ಬೆಳಗ್ಗೆ ನವಿಲಿನ ಕೂಗು. ಮಂಡಿ ಗಟ್ಟಿ ಇಲ್ಲದಿದ್ದರೆ ಹತ್ತುವುದೇ ವಾಸಿ, ಯಾಕಂದರೆ ಮಂಡಿಗೆ ನೋವಾಗುವುದು ಇಳಿಯುವಾಗ. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚಿರುತ್ತಾರೆ. ಒಂದು ಮಳೆ ಬಿದ್ದರೆ ಸಾಕು, ಕಾಲು ಜಾರುತ್ತದೆ. ಅಂಚಿನಲ್ಲಿ ಕಾಲಿಡಿ. ಆಷಾಢ ಶುಕ್ರವಾರ ಮಾತ್ರ ಬೇಡ, ಅವತ್ತು ಕಾಡಲ್ಲ, ಜನರ ತಲೆ ಕಾಣುತ್ತದೆ. ಚಿರತೆ ಇರುವ ಜಾಗ, ಹಾಗಾಗಿ ಮಬ್ಬುಗತ್ತಲಲ್ಲಿ ಒಬ್ಬೊಬ್ಬರೇ ಬೇಡ.

ಪ್ರಶ್ನೆ: ಆಗುಂಬೆಗೆ ಉಡುಪಿಯಿಂದ ಬಸ್ಸಿಗೆ ಹೋಗಿ ಒಂದು ದಿನ ನಡೆದು ಬರುವ ಯೋಚನೆ. ಇಂಬಳದ ಭಯ. ಮಂಗನ ಕಾಯಿಲೆಯ ಬಗ್ಗೆಯೂ ಅಮ್ಮ ಹೆದರಿಸುತ್ತಾರೆ. ಯಾವಾಗ ಹೋದರೆ ಸರಿ?
— ಮಣಿಪಾಲದ ವಿದ್ಯಾರ್ಥಿನಿ

ಉತ್ತರ: ನಿಮ್ಮಮ್ಮ ಹೇಳುವುದರಲ್ಲಿ ಅರ್ಥ ಇದೆ. ಆದರೆ ಇಂಬಳ ಬೇರೆ, ಮಂಗನ ಕಾಯಿಲೆ ಬೇರೆ. ಇಂಬಳ ಅಂದರೆ ಕಾಡಿನ ಜಿಗಣೆ, ಅದು ಬರುವುದು ಮಳೆಗಾಲದಲ್ಲಿ. ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ.

ಮೊದಲು ಇಂಬಳ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿ ಇಂಬಳ ಇಲ್ಲದೆ ಇನ್ನೆಲ್ಲಿರಬೇಕು? ಅದು ಕಚ್ಚಿದ್ದೇ ಗೊತ್ತಾಗುವುದಿಲ್ಲ. ಬಸ್ಸಿನಲ್ಲಿ ಕೂತಮೇಲೆ ಕಾಲುಚೀಲ ಕೆಂಪಾಗಿರುವುದು ಕಂಡು ಕಿರುಚುವವರೇ ಜಾಸ್ತಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸ ಅದರ ಬಾಯಲ್ಲಿ ಇದೆ, ಅದಕ್ಕೇ ತುಂಬ ಹೊತ್ತು ಸುರಿಯುತ್ತದೆ. ಹೆದರುವಂಥದ್ದೇನೂ ಇಲ್ಲ. ಕಿತ್ತು ಎಳೆಯಬೇಡಿ. ಕಚ್ಚಿದ ಬಾಯಿಯ ಹತ್ತಿರ ಉಗುರು ಒತ್ತಿ ಪಕ್ಕಕ್ಕೆ ಜಾರಿಸಿ, ಸೋಪು ನೀರಲ್ಲಿ ತೊಳೆದು, ಬಟ್ಟೆಯಿಂದ ಒತ್ತಿ ಹಿಡಿಯಿರಿ. ಮಲೆನಾಡಿನವರು ಹೊಗೆಸೊಪ್ಪು, ಸುಣ್ಣ ಕಲಸಿ ಕಾಲಿಗೆ ಸವರಿಕೊಳ್ಳುತ್ತಾರೆ. ಮಂಡಿವರೆಗಿನ ಒತ್ತಾದ ಬಟ್ಟೆಯ ಕಾಲುಚೀಲ ಇದ್ದರೆ ಇನ್ನೂ ವಾಸಿ.

ಇನ್ನು ಮಂಗನ ಕಾಯಿಲೆ. ಇದನ್ನು ತಮಾಷೆ ಮಾಡಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಮಂಗ ಕಚ್ಚಿ ಬರುವುದಲ್ಲ, ಉಣುಗು (ಉಣ್ಣೆ ಹುಳು) ಕಚ್ಚಿ ಬರುವುದು. ಒಣ ತರಗೆಲೆಯಲ್ಲಿ ಎಳ್ಳಿನಷ್ಟು ಸಣ್ಣ ಮರಿ ಉಣುಗುಗಳು ಇರುತ್ತವೆ. ತೀರ್ಥಹಳ್ಳಿ, ಸಾಗರದ ಕಡೆ ಜನ ಸತ್ತಿದ್ದಾರೆ. ಮೊದಲಿದ್ದ ಲಸಿಕೆ ಕೊಡುವುದನ್ನು 2022ರಲ್ಲಿ ನಿಲ್ಲಿಸಿದರು. ಹಾಗಾಗಿ ಡಿಸೆಂಬರ್ ನಂತರ ಹೋದರೆ ತರಗೆಲೆಯ ಮೇಲೆ ಕೂರಬೇಡಿ, ಮಲಗಿ ಫೋಟೊ ತೆಗೆಯಬೇಡಿ. ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿ. ಆ ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಉಣುಗು ಹತ್ತದಂತೆ ತಡೆಯುವ ಡೀಪಾ ಎಣ್ಣೆ ಕೊಡುತ್ತಾರೆ, ಕೈಕಾಲಿಗೆ ಹಚ್ಚಿಕೊಳ್ಳಿ. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿ ನೀರಿಗೆ, ನೀವು ಸೋಪು ಹಚ್ಚಿ ಸ್ನಾನಕ್ಕೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಒಂದು ವಾರದೊಳಗೆ ಜೋರು ಜ್ವರ ಬಂದರೆ ‘ಕಾಡಿಗೆ ಹೋಗಿದ್ದೆ’ ಅಂತ ಡಾಕ್ಟರಿಗೆ ನೀವೇ ಹೇಳಬೇಕು. ಅವರು ಕೇಳಲಿ ಅಂತ ಕಾಯಬೇಡಿ.

ಹಾಗಾದರೆ ಯಾವಾಗ? ಅಕ್ಟೋಬರ್ ಕೊನೆ, ನವೆಂಬರ್. ಮಳೆ ಹಿಂದೆ ಸರಿದಿರುತ್ತದೆ, ತೊರೆಗಳಲ್ಲಿ ನೀರಿರುತ್ತದೆ. ಉಡುಪಿಯಿಂದ ಹೆಬ್ರಿ, ಸೋಮೇಶ್ವರದ ಮೇಲೆ ಸುಮಾರು 55 ಕಿ.ಮೀ. ಘಾಟಿಯಲ್ಲಿ 14 ತಿರುವು. ಸಣ್ಣ ಬಸ್ಸುಗಳೇ ಹತ್ತುವುದು, ಬೇಗ ತುಂಬುತ್ತವೆ. ವಾಂತಿ ಬರುವವರು ಮುಂದೆ ಕೂತು ದೂರ ನೋಡಿ, ಮೊಬೈಲ್ ನೋಡಬೇಡಿ. ಜೋಗಿಗುಂಡಿ ಆಗುಂಬೆ ಪೇಟೆಯಿಂದ ನಡೆದು ಹೋಗುವಷ್ಟು ಹತ್ತಿರ. ಮೊದಲ ಸಲಕ್ಕೆ ಅಷ್ಟು ಸಾಕು. ಒಳಕಾಡಿನ ದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಆಗುಂಬೆಯಲ್ಲೇ ಅವರ ಕಚೇರಿ ಇದೆ, ಕೇಳಿ ಹೋಗಿ. ಇದು ಕಾಳಿಂಗ ಸರ್ಪದ ಊರು. ಹಾವಿನ ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ಶುರು ಮಾಡಿದ್ದೇ ಅದಕ್ಕೆ. ಹಾವು ಕಂಡರೆ ನಿಂತುಬಿಡಿ, ಅದರ ದಾರಿ ಅದಕ್ಕೆ ಬಿಡಿ. ಸೂರ್ಯಾಸ್ತ ನೋಡಲು ಕೂತರೆ ಬಸ್ ತಪ್ಪುವ ಸಂಭವ ಇದೆ. ಕತ್ತಲಲ್ಲಿ ಘಾಟಿ ಇಳಿಯಲು ಯಾರದೋ ಗಾಡಿಗೆ ಕೈ ತೋರಿಸುವ ಹಾಗೆ ಆಗಬಾರದು.

ಆ ಕಡೆ ಹೋದಾಗೆಲ್ಲ ನನಗೆ ಕೊಪ್ಪದ ಸಹಕಾರ ಸಾರಿಗೆ ನೆನಪಾಗುತ್ತದೆ. ಕೆಲಸ ಕಳೆದುಕೊಂಡ ಬಸ್ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿಕೊಂಡ ಸಂಸ್ಥೆ. ಡ್ರೈವರ್, ಕಂಡಕ್ಟರ್‌ಗಳೇ ಮಾಲೀಕರು! ಮಲೆನಾಡಿನ ಮೂಲೆ ಮೂಲೆಗೆ ಬಸ್ ಬಿಟ್ಟರು. 2020ರಲ್ಲಿ ನಿಂತುಹೋಯಿತು. ಆ ಬಸ್ಸುಗಳು ಹೋಗುತ್ತಿದ್ದ ಕೆಲವು ಊರಿನ ಕಾಡು ನೋಡಲು ಈಗ ಸ್ವಂತ ಗಾಡಿಯೇ ಬೇಕು.

ಪ್ರಶ್ನೆ: ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ಕುಕ್ಕೆಯಲ್ಲಿ ಇಳಿದು, ಕುಮಾರ ಪರ್ವತ ಹತ್ತಿ ಇಳಿದು, ಅವತ್ತೇ ರಾತ್ರಿ ಬಸ್ಸಿಗೆ ವಾಪಸ್. ನಮ್ಮ ಆಫೀಸಿನ ಗುಂಪಿನ ಯೋಜನೆ ಇದು. ನೀವೇನಂತೀರಾ?
— ಬೆಂಗಳೂರಿನ ಓದುಗಿ

ಉತ್ತರ: ನಿಮ್ಮ ಗುಂಪಿನಲ್ಲಿ ದಿನಾ ನಡೆಯುವವರು ಎಷ್ಟು ಜನ? ಪರ್ವತದ ತುದಿ 1712 ಮೀಟರ್. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಸಾವಿರದೈನೂರು ಮೀಟರಿನಷ್ಟು ಏರಬೇಕು, ಅಷ್ಟೇ ಇಳಿಯಬೇಕು. ಅದೂ ರಾತ್ರಿಯೆಲ್ಲ ಸೀಟಿನಲ್ಲಿ ಕತ್ತು ವಾಲಿಸಿಕೊಂಡು ನಿದ್ದೆ ಮಾಡಿ. ಅಭ್ಯಾಸ ಇಲ್ಲದವರು ಮಾಡುವ ಕೆಲಸ ಅಲ್ಲ.

ಅನುಮತಿಯ ವಿಷಯವೂ ಇದೆ. 2024ರ ಜನವರಿ ಕೊನೆಯ ರಜೆಯಲ್ಲಿ ಅಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತ ವಿಡಿಯೊ ನೋಡಿರುತ್ತೀರಿ. ಆಮೇಲೆ ಚಾರಣ ನಿಲ್ಲಿಸಿ, ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಬುಕಿಂಗ್ ತಂದರು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಬೆಂಕಿಯ ಕಾಲ, ಮಳೆಗಾಲದಲ್ಲಿ ಮುಚ್ಚುತ್ತಾರೆ. ಬಸ್ ಸೀಟು ಬುಕ್ ಮಾಡಿ ಆಮೇಲೆ ಇದನ್ನು ನೋಡುವುದಲ್ಲ. ಮೊದಲು ಬೆಟ್ಟದ ಟಿಕೆಟ್, ಆಮೇಲೆ ಬಸ್ಸಿನ ಟಿಕೆಟ್.

ಅನುಮತಿ ಸಿಕ್ಕರೆ ನನ್ನ ಸಲಹೆ ಇಷ್ಟು: ದಾರಿ ಮಧ್ಯೆ ಸಿಗುವ ಗಿರಿಗದ್ದೆಯವರೆಗೆ ಹೋಗಿ ತಿರುಗಿ ಬನ್ನಿ. ನಿಜವಾದ ದಟ್ಟ ಕಾಡು ಇರುವುದೇ ಆ ಭಾಗದಲ್ಲಿ. ಮೇಲೆ ಹೋದಂತೆ ಬಟಾಬಯಲು ಹುಲ್ಲುಗುಡ್ಡ, ತಲೆ ಸುಡುವ ಬಿಸಿಲು. ಮರದ ಬೇರುಗಳೇ ಮೆಟ್ಟಿಲಾಗಿರುವ ದಾರಿಯಲ್ಲಿ ನಿಧಾನಕ್ಕೆ ನಡೆದು, ಮಧ್ಯಾಹ್ನದ ಮೇಲೆ ಇಳಿದು, ಕುಕ್ಕೆಯಲ್ಲಿ ಸ್ನಾನ ಮಾಡಿ ಬಸ್ ಹತ್ತಿ. ಪಕ್ಕದ ಸೀಟಿನವರೂ ನಿಮಗೆ ಋಣಿಯಾಗಿರುತ್ತಾರೆ.

ಪ್ರಶ್ನೆ: ಕಾಡು ಅಂದರೆ ಬರೀ ಮಲೆನಾಡೇ ಏನ್ರಿ? ನಮ್ಮ ಕಡೆ ಏನೂ ಇಲ್ಲೇನು?
— ಗದುಗಿನ ಓದುಗ

ಉತ್ತರ: ಯಾಕಿಲ್ಲ? ಕಪ್ಪತಗುಡ್ಡ ಇದೆಯಲ್ಲ! ಗದಗಿನಿಂದ ಡಂಬಳದ ಕಡೆ ಬಸ್ ಹಿಡಿಯಿರಿ. ಡಂಬಳದಲ್ಲಿ ಇಳಿದು ದೊಡ್ಡಬಸಪ್ಪ ಗುಡಿ ನೋಡಿ. ನಕ್ಷತ್ರದ ಆಕಾರದ ಗುಡಿ, ಗೋಡೆಯ ಮೂಲೆಗಳನ್ನು ಎಣಿಸುತ್ತಾ ಸುತ್ತಿದರೆ ಲೆಕ್ಕ ತಪ್ಪುತ್ತದೆ. ಆಮೇಲೆ ಡೋಣಿ ಕಡೆಯ ಬಸ್ಸು. ಅಲ್ಲಿಂದ ಗುಡ್ಡ ಶುರು.

ನಮ್ಮ ಕಡೆಯವರಿಗೆ ಇದು ಕಾಡು ಅನ್ನಿಸುವುದಿಲ್ಲ. ಹುಲ್ಲು, ಮುಳ್ಳು, ಮೊಣಕಾಲೆತ್ತರದ ಗಿಡ. ಆದರೆ ನಾಟಿ ವೈದ್ಯರನ್ನು ಕೇಳಿ ನೋಡಿ. ಅವರಿಗೆ ಅದು ಔಷಧಿಯ ಉಗ್ರಾಣ. ತೋಳ, ಕತ್ತೆಕಿರುಬ ಇರುವ ಜಾಗ. ಗಣಿಯ ಕಣ್ಣು ಇದರ ಮೇಲೆ ಬಹಳ ಹಿಂದಿನಿಂದ ಇದೆ. ಸಂರಕ್ಷಿತ ಪ್ರದೇಶ ಎಂಬ ಸ್ಥಾನವನ್ನು 2016ರಲ್ಲಿ ಸರ್ಕಾರ ಹಿಂದಕ್ಕೆ ತಗೊಂಡಿತ್ತು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ, ರೈತರು, ಸಾಹಿತಿಗಳು ಎಲ್ಲ ಬೀದಿಗಿಳಿದ ಮೇಲೆ 2017ರಲ್ಲಿ ವಾಪಸ್ ಬಂತು. 2019ರಲ್ಲಿ ವನ್ಯಜೀವಿ ಧಾಮವೂ ಆಯಿತು. ಈಗ ಒಳಗೆ ಬೇಕಾಬಿಟ್ಟಿ ತಿರುಗುವ ಹಾಗಿಲ್ಲ. ಕಪ್ಪತ ಮಲ್ಲೇಶ್ವರನ ಗುಡಿಯ ದಾರಿಯಲ್ಲಿ ಹೋಗಿ, ಮಿಕ್ಕಿದ್ದಕ್ಕೆ ಅರಣ್ಯ ಇಲಾಖೆಯವರನ್ನು ಕೇಳಿ. ಒಂದೆರಡು ಮಳೆ ಬಿದ್ದಮೇಲೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಹೋಗಿ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಇರುತ್ತದೆ, ನಿಮಗೆ ನಾನು ಹೇಳಬೇಕಾಗಿಲ್ಲ. ನೆರಳು ಕಮ್ಮಿ, ಆದ್ದರಿಂದ ನೀರು ಮಾತ್ರ ನೀವಂದುಕೊಂಡದ್ದರ ಎರಡರಷ್ಟು ತಗೊಳ್ಳಿ.

ಪ್ರಶ್ನೆ: ಕರಡಿ ಎದುರಿಗೆ ಬಂದರೆ ಸತ್ತ ಹಾಗೆ ಮಲಗಬೇಕಾ?
— ತಿಪಟೂರಿನ 8ನೇ ತರಗತಿ ಹುಡುಗ

ಉತ್ತರ: ಕಥೆಯಲ್ಲಿ ಹಾಗಿದೆ ಮರಿ. ಆದರೆ ಎದುರಿಗೆ ಬರದ ಹಾಗೆ ನೋಡಿಕೊಳ್ಳುವುದು ಮೊದಲ ಕೆಲಸ. ನಮ್ಮ ಕಡೆಯ ಕರಡಿಗೆ ಕಣ್ಣು ಅಷ್ಟು ಚುರುಕಿಲ್ಲ. ಮೂಗೇ ಮುಂದು. ತಲೆ ತಗ್ಗಿಸಿ ಗೆದ್ದಲು ಹೀರುತ್ತಾ ಇದ್ದರೆ ನೀನು ಹತ್ತಿರ ಬಂದದ್ದೇ ಅದಕ್ಕೆ ಗೊತ್ತಾಗಲ್ಲ. ಗಾಬರಿಯಾಗಿ ಮೇಲೆ ಬೀಳುತ್ತದೆ. ಅದಕ್ಕೇ ಮಾತಾಡುತ್ತಾ ನಡೆಯಬೇಕು. ಬೆಳಿಗ್ಗೆ ತೀರಾ ಬೇಗ, ಸಂಜೆ ತಡವಾಗಿ ಬೆಟ್ಟದಲ್ಲಿ ಇರಬಾರದು. ದೂರದಲ್ಲಿ ಕಂಡರೆ ಓಡಬೇಡ, ಅದು ನಿನಗಿಂತ ಜೋರಾಗಿ ಓಡುತ್ತದೆ. ಮರ ಹತ್ತಬೇಡ, ಅದನ್ನೂ ಅದು ನಿನಗಿಂತ ಚೆನ್ನಾಗಿ ಮಾಡುತ್ತದೆ. ಅದರ ಕಡೆ ಮುಖ ಮಾಡಿಕೊಂಡೇ ಹಿಂದೆ ಹಿಂದೆ ಹೆಜ್ಜೆ ಇಡು. ಮರಿಗಳಿದ್ದರಂತೂ ಆ ದಾರಿಯನ್ನೇ ಬಿಡು. ದೊಡ್ಡವರಿಲ್ಲದೆ ಹೋಗುವುದು ಇನ್ನೂ ಕೆಲವು ವರ್ಷ ಬೇಡ.

ಪ್ರಶ್ನೆ: ಮುಂಬೈಯಲ್ಲಿ ಹುಟ್ಟಿ ಬೆಳೆದ ಕನ್ನಡಿಗರು ನಾವು. ಊರಿಗೆ ಬರುವುದು ವರ್ಷಕ್ಕೊಮ್ಮೆ. ಇಲ್ಲೇ ಏನಾದರೂ ಇದೆಯಾ?
— ಅಂಧೇರಿಯ ಓದುಗರು

ಉತ್ತರ: ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ನಿಮ್ಮ ಹಿತ್ತಲಲ್ಲೇ ಇದೆಯಲ್ಲ! ಸುಮಾರು ನೂರು ಚದರ ಕಿ.ಮೀ. ಕಾಡು, ಅದರಲ್ಲಿ ಚಿರತೆ, ಸುತ್ತಲೂ ಊರು. ಬೊರಿವಲಿ ಸ್ಟೇಷನ್ ಪೂರ್ವಕ್ಕೆ ಇಳಿದರೆ ಗೇಟಿನವರೆಗೆ ನಡೆದೇ ಹೋಗಬಹುದು. ಒಳಗೆ ಕಾನ್ಹೇರಿ ಗುಹೆಗಳಿವೆ, ನೂರಕ್ಕೂ ಹೆಚ್ಚು, ಬೌದ್ಧ ಭಿಕ್ಷುಗಳು ಕಲ್ಲು ಕೊರೆದು ಮಾಡಿಕೊಂಡದ್ದು. ಜೂನ್ ಕೊನೆಯಲ್ಲಿ ಹೋದರೆ ಅವರು ನೀರು ಹಿಡಿಯಲು ಕಡೆದ ಕಾಲುವೆ, ತೊಟ್ಟಿಗಳು ಈಗಲೂ ತುಂಬುವುದನ್ನು ನೋಡಬಹುದು. ಮಳೆಯಲ್ಲಿ ಬಂಡೆ ಜಾರುತ್ತದೆ, ಹಿಡಿತ ಇರುವ ಚಪ್ಪಲಿ ಹಾಕಿ. ಸೋಮವಾರ ಬಾಗಿಲು ಹಾಕಿರುತ್ತಾರೆ.

ವಾಪಸ್ ಬಸ್ಸಿನ ಚಿಂತೆ ನಿಮಗಿಲ್ಲ. ಲೋಕಲ್ ಟ್ರೈನು ರಾತ್ರಿ ತುಂಬ ಹೊತ್ತಿನವರೆಗೂ ಇರುತ್ತದೆ. ಅದೊಂದು ವಿಷಯಕ್ಕೆ ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.